ಅಮರಗುಂಡಪ್ಪನ ಬೆಂಕಿಯಿಲ್ಲದ ಹಂಡೆ

ಮಸ್ಕಿಯ ಅಮರಗುಂಡಪ್ಪ ಬೆಂಕಿಯಿಲ್ಲದೆ ನೀರು ಕಾಯುವ ಹಂಡೆ ಕಂಡುಹಿಡಿದಾನಂತೆ ಎಂಬ ಸುದ್ದಿ ಹಬ್ಬಿದ ದಿನ ಊರು ಎರಡು ಸಲ ಬೆಚ್ಚಿಬಿತ್ತು. ಮೊದಲ ಸಲ, ಬೆಂಕಿ ಇಲ್ಲದೆ ನೀರು ಕಾಯುವುದುಂಟೇ ಎಂದು. ಎರಡನೆಯ ಸಲ, ಕಂಡುಹಿಡಿದವನು ಯಾರೆಂದು ನೆನಪಾಗಿ. ಯಾಕೆಂದರೆ ಅಮರಗುಂಡಪ್ಪನದು ಊರಿಗಿದ್ದ ಒಂದೇ ಕಟ್ಟಿಗೆ ಅಡ್ಡೆ. ಛತ್ರಿ ರಿಪೇರಿ ಮಾಡುವವನು ಮಳೆ ನಿಲ್ಲಿಸುವ ಮಂತ್ರ ಕಲಿಯಲು ಹೊರಟರೆ ಮನೆಮಂದಿ ಹೇಗೆ ನೋಡಿಯಾರು, ಊರು ಅವನನ್ನು ಹಾಗೆ ನೋಡಿತು.

ಅದು ಜರ್ಮನಿ ಕಡೆ ಯುದ್ಧ ನಡೆದಿದ್ದ ಕಾಲ. ಯುದ್ಧ ಅಲ್ಲಿ, ಕಟ್ಟಿಗೆಗೆ ಬರ ಇಲ್ಲಿ. ನಿಜಾಮ್ ಸರ್ಕಾರದವರು ಕಟ್ಟಿಗೆ ಮಾರಲಿಕ್ಕೂ ಪರವಾನಿಗಿ ಬೇಕೆಂದು ಹುಕುಂ ಮಾಡಿದ್ದರು. ಲಿಂಗಸೂಗೂರಿನ ತಹಸೀಲದಾರ ಸಾಹೇಬರ ರುಜು ಇದ್ದರೆ ಅಡ್ಡೆ, ಇಲ್ಲದಿದ್ದರೆ ಬಯಲು. ಅಮರಗುಂಡಪ್ಪ ಮತ್ತು ಅವನ ಹೆಂಡತಿ ಪಂಪಮ್ಮನ ಹೊಟ್ಟೆ ತುಂಬುತ್ತಿದ್ದದ್ದು ಆ ಒಂದು ರುಜುವಿನಿಂದ.

ಅಂಥವನಿಗೆ ಈ ಉಸಾಬರಿ ಹತ್ತಿದ್ದು ಸಿಂಧನೂರಿನಲ್ಲಿ. ಅಲ್ಲಿನ ಹತ್ತಿ ಬಿಡಿಸುವ ಜಿನ್ನಿಗೆ ಗಾಡಿ ಕಟ್ಟಿಗೆ ಹಾಕಲು ಹೋದಾಗ, ಅಂಗಳದಲ್ಲಿ ಮಳೆಗೆ ನೆನೆದು ಬಿದ್ದಿದ್ದ ಹತ್ತಿಕಾಳಿನ ರಾಶಿಯಲ್ಲಿ ಅವನ ಕಾಲು ಮೊಣಕಾಲತನಕ ಹೂತಿತು. ಒಳಗೆ ಬಿಸಿ. ಅವನು ಕಾಲು ಕಿತ್ತುಕೊಂಡು ಹಾರಿ ನಿಂತ.

"ಇದರಾಗ ಬೆಂಕಿ ಯಾರು ಇಟ್ಟಾರ?" ಎಂದು ಅಲ್ಲಿದ್ದ ಹಮಾಲನನ್ನು ಕೇಳಿದ.

"ಯಾರೂ ಇಟ್ಟಿಲ್ಲ. ಕಾಳು ನೆಂದಾವ, ಒಳಗೊಳಗ ಕುದ್ದಾವ" ಎಂದ ಹಮಾಲ, ಬೀಡಿ ಬಾಯಿಂದ ತೆಗೆಯದೆ.

ಹತ್ತಿ ಬೆಳೆಯುವ ಸೀಮೆಯಲ್ಲಿ ಎತ್ತಿಗೂ ಗೊತ್ತಿದ್ದ ಸಂಗತಿ ಇದು. ಆದರೆ ಅಮರಗುಂಡಪ್ಪನಿಗೆ ಅವತ್ತೇ ಗೊತ್ತಾದದ್ದು. ಹೀಗಾಗಿ ಅದು ಅವನ ಪಾಲಿಗೆ ಹೊಸ ಶೋಧವಾಯಿತು.

ಊರಿಗೆ ಬಂದವನೇ ಬೇವಿನ ಹಲಗೆ ಜೋಡಿಸಿ ಒಂದು ಪೆಟ್ಟಿಗೆ ಮಾಡಿದ. ಪೆಟ್ಟಿಗೆ ತುಂಬ ತುಳಿದು ಅಡಕಿದ ಹಸಿ ಹತ್ತಿಕಾಳು, ಅದರ ನಡುವೆ ತಾಮ್ರದ ಹಂಡೆ, ಮೇಲೆ ಗೋಣಿತಟ್ಟು, ಅದರ ಮೇಲೆ ಮುಚ್ಚಳ. ರಾತ್ರಿ ತಣ್ಣೀರು ತುಂಬಿ ಮುಚ್ಚಿದರೆ ಬೆಳಿಗ್ಗೆ ಹಬೆಯಾಡುವ ನೀರು. ಮಳೆಯಲ್ಲಿ ನೆನೆದ ಎಮ್ಮೆಯ ವಾಸನೆ ಸ್ವಲ್ಪ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನೀರು ಬಿಸಿ ಇರುತ್ತಿತ್ತು. ನಮ್ಮ ಓಣಿಯವರೆಲ್ಲ ಕೈ ಅದ್ದಿ ನೋಡಿದ್ದೇವೆ. ನಾನೂ ಅದ್ದಿದ್ದೇನೆ. ಗುಳ್ಳೆ ಏಳಲಿಲ್ಲ, ಆದರೆ ಕೈಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ಕುಣಿದದ್ದುಂಟು.

ದಿನಾ ಬೆಳಿಗ್ಗೆ ಅವನ ಬಚ್ಚಲು ಬಾಗಿಲಿಗೆ ಜನ ನೆರೆಯತೊಡಗಿದರು. ಅಮರಗುಂಡಪ್ಪ ಪೇಟ ಸುತ್ತಿಕೊಂಡು ಬಂದು, ಎಲ್ಲರ ಮುಖ ಒಮ್ಮೆ ನೋಡಿ, ಮುಚ್ಚಳ ಎತ್ತಿ, ಮೊಣಕೈ ಅದ್ದಿ, ಕಣ್ಣು ಮುಚ್ಚಿ, "ಬಿಸಿ ಐತಿ" ಎಂದು ತೀರ್ಪು ಕೊಡುತ್ತಿದ್ದ. ಜನ ಹೋ ಅನ್ನುತ್ತಿದ್ದರು. ಹೋ ಅನ್ನದಿದ್ದವನು ಒಬ್ಬನೇ, ಎದುರಿನ ಚಹಾ ಹೋಟೆಲ್ಲಿನ ಕರಿಬಸಪ್ಪ.

"ಪೆಟ್ಟಿಗಿ ಅವಂದು, ನೀರು ಅವಂದು, ಮುಚ್ಚಳ ಎತ್ತೋ ಕೈ ಅವಂದು, ಬಿಸಿ ಐತಿ ಅನ್ನೋ ಬಾಯಿನೂ ಅವಂದ. ಇದರಾಗ ನಮ್ಮದು ಏನೈತಿ?" ಎಂದು ಅವನು ದುಡ್ಡಿನ ಗಲ್ಲೆಯ ಮೇಲೆ ಕೂತು ಕೇಳುತ್ತಿದ್ದ.

"ಹೋ ಅನ್ನೋದು ನಮ್ಮದಲ್ಲೇನಪಾ" ಎಂದರು ಯಾರೋ.

"ಒಂದು ದಿನ ಅವನ್ನ ಹೊರಗ ನಿಲ್ಲಿಸಿ ನೋಡ್ರಿ. ಆಮ್ಯಾಗ ನಾನೂ ಹೋ ಅಂತೀನಿ."

ಈ ಮಾತು ಹೋಟೆಲ್ಲಿನಲ್ಲೇ ಉಳಿದಿದ್ದರೆ ಚಹಾದ ಜೊತೆ ಆರಿಹೋಗುತ್ತಿತ್ತು. ಆದರೆ ಅವತ್ತು ಅಲ್ಲಿ ತಹಸೀಲ ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶಕಾರ ಸೂಗಪ್ಪ ಚಹಾ ಕುಡಿಯುತ್ತಿದ್ದ. ಅವನ ಕಿವಿಗೆ ಬಿದ್ದದ್ದು ಸಾಹೇಬರ ಕಿವಿಗೆ ಬಿದ್ದ ಹಾಗೆಯೇ. ವಾರ ತುಂಬುವುದರೊಳಗೆ ಪೆಟ್ಟಿಗೆ ಸಮೇತ ಅಮರಗುಂಡಪ್ಪ ಲಿಂಗಸೂಗೂರಿನಲ್ಲಿ ಕೈಕಟ್ಟಿ ನಿಂತಿದ್ದ.

ತಹಸೀಲದಾರ ಸಾಹೇಬರು ಕಾಯಿದೆಯ ಮನುಷ್ಯರು. ಊಟ ಬಿಟ್ಟಾರು, ಕಾಯಿದೆ ಬಿಡರು. ಅವರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಮೂಗಿಗೆ ಕರವಸ್ತ್ರ ಹಿಡಿದು ಹೇಳಿದರು:

"ತಜುರ್ಬಾ ಆಗಬೇಕು. ಪರೀಕ್ಷೆ. ನಮ್ಮ ಬಂಗಲೆಯಲ್ಲಿ, ನಮ್ಮ ಬಾವಿ ನೀರು, ನಮ್ಮ ಬಚ್ಚಲು, ನಮ್ಮ ಪಹರೆ. ಸ್ನಾನ ಮಾಡುವವರು ನಾವು. ಖರೆ ಆದರೆ ನಿನ್ನ ಹೆಸರು ಹೈದರಾಬಾದಿಗೆ ಹೋಗುತ್ತೆ. ಸುಳ್ಳಾದರೆ ನಿನ್ನ ಪರವಾನಿಗಿ ರದ್ದು. ಬೆಂಕಿ ವಿಷಯಕ್ಕೆ ಸರ್ಕಾರದ ಮುಂದೆ ಸುಳ್ಳು ಹೇಳೋ ಮನುಷ್ಯನ ಕೈಯಲ್ಲಿ ಕಟ್ಟಿಗೆ ಇರಬಾರದು."

"ನಡೀಲಿ ಸಾಹೇಬರ. ನಾ ಮುಚ್ಚಳ ಅಷ್ಟ ಎತ್ತತೀನಿ" ಎಂದ ಅಮರಗುಂಡಪ್ಪ.

"ನೀನು ಈ ಊರಲ್ಲೇ ಇರಬಾರದು."

"ಕಾಳು ತುಳಿಯಾಕರ ನಾ ಬೇಕಲ್ರಿ?"

"ಈಗಲೇ ತುಳಿ. ತುಳಿದು ಹೋಗು. ತಜುರ್ಬಾ ಮುಗಿಯೋವರೆಗೆ ಕಂಡುಹಿಡಿದವನ ಕೈಯೂ ಬೇಡ, ಕಾಲೂ ಬೇಡ, ಮಾತೂ ಬೇಡ."

ಹಾಗಂತ ಅವನನ್ನು ಜವಾನ ಬಂದೇಸಾಬನ ವಶಕ್ಕೆ ಕೊಟ್ಟು, ಮಸ್ಕಿ ದಾಟಿಸಿ, ದೂರದ ಸಿಂಧನೂರಿಗೆ ಕಳಿಸಿಬಿಟ್ಟರು. ಅಲ್ಲಿ ಅವನ ಅಕ್ಕ ಕಸ್ತೂರೆಮ್ಮನ ಮನೆ ಇತ್ತು.

ಕಸ್ತೂರೆಮ್ಮ ಬಾಗಿಲು ತೆರೆದರೆ ತಮ್ಮ ನಿಂತಿದ್ದಾನೆ, ಹಿಂದೆ ಎದೆಗೆ ಸರ್ಕಾರಿ ಪಟ್ಟಾ ಹಾಕಿದ ಜವಾನ ನಿಂತಿದ್ದಾನೆ. ಆಕೆ ಹೊಸ್ತಿಲಲ್ಲೇ ಕುಸಿದು ಕೂತಳು. ಅಕ್ಕಪಕ್ಕದ ಮನೆಗಳ ಕದಗಳು ಒಂದೊಂದಾಗಿ ತೆರೆದವು.

"ಏನು ಕದ್ದಾನ?" ಎಂದು ಪಕ್ಕದ ಮನೆಯ ಗಾಳೆಮ್ಮ ಬಂದೇಸಾಬನನ್ನೇ ಕೇಳಿದಳು.

"ಕದ್ದಿಲ್ಲ. ಬೆಂಕಿ ಇಲ್ದ ನೀರು ಕಾಸ್ಯಾನ."

"ಅದಕ್ಕೂ ಹಿಡೀತಾರೇನಪಾ ಈಗ?"

"ಹಿಡಿದಿಲ್ಲಬೇ. ದೂರ ಇಟ್ಟಾರ."

ಗಾಳೆಮ್ಮ ಗಲ್ಲದ ಮೇಲೆ ಕೈಯಿಟ್ಟಳು. ಸಂಜೆಯೊಳಗೆ ಸಿಂಧನೂರಿನ ಅರ್ಧ ಊರು, ಮಸ್ಕಿಯ ಕಟ್ಟಿಗೆ ಅಮರಗುಂಡಪ್ಪ ಸಾಹೇಬರ ಬಂಗಲೆಗೇ ಬೆಂಕಿ ಹಚ್ಚಿ ಸಿಕ್ಕಿಬಿದ್ದಾನೆಂದು ನಂಬಿತ್ತು. ಉಳಿದರ್ಧ ಊರಿಗೆ ಸುದ್ದಿ ತಲುಪಿದ್ದು ಮಾರನೆಯ ದಿನ.

ಅಮರಗುಂಡಪ್ಪನಿಗೆ ಇದಾವುದೂ ತಲೆಗೆ ಹೋಗಲಿಲ್ಲ. ಅವನ ಜೀವವೆಲ್ಲ ಹಂಡೆಯಲ್ಲಿತ್ತು.

"ಬಂದೇಸಾಬ, ಮುಚ್ಚಳದ ಎಡಗಡೆ ಚೂರು ಸಂದಿ ಐತಿ. ಅಲ್ಲಿ ಹರಕು ಬಟ್ಟಿ ತುರುಕ್ರಿ ಅಂತ ಒಂದು ಮಾತು ಹೇಳಿ ಕಳಿಸಲೇನು?"

"ಹುಕುಂ ಇಲ್ಲ."

"ಹಂಡೆ ಸುದ್ದಿ ಅಲ್ಲ ಅದು, ಬಟ್ಟಿ ಸುದ್ದಿ."

"ಬಟ್ಟಿ ಹೋಗಿ ಹಂಡೆಗೇ ಸೇರತೈತಿ. ಸುಮ್ನ ರೊಟ್ಟಿ ತಿನ್ನು."

ಅತ್ತ ಲಿಂಗಸೂಗೂರಿನ ಬಂಗಲೆಯಲ್ಲಿ ಪರೀಕ್ಷೆಯ ಏರ್ಪಾಡು ಬಿರುಸಾಗಿತ್ತು. ಬಚ್ಚಲ ಮುಂಬಾಗಿಲಿಗೆ ಕೀಲಿ ಜಡಿದು ಅರಗಿನ ಮುದ್ರೆ ಒತ್ತಿದರು. ಎರಡು ಕಡೆ ಇಬ್ಬರು ಜವಾನರು ಕೂತರು. ಅವರಿಗಿದ್ದ ಹುಕುಂ ಒಂದೇ: ಅಮರಗುಂಡಪ್ಪ ಬಂದರೆ ಬಿಡಬೇಡಿ. ಅವರು ಅಮರಗುಂಡಪ್ಪನನ್ನು ಬಿಡಲಿಲ್ಲ. ಬಂದಿದ್ದರೆ ಖಂಡಿತ ಬಿಡುತ್ತಿರಲಿಲ್ಲ.

ಬೆಳಿಗ್ಗೆ ಮುದ್ರೆ ಒಡೆದು ಸಾಹೇಬರು ಒಳಗೆ ಹೋದರು. ಪುಷ್ಯಮಾಸದ ಚಳಿ. ಪೇಶಕಾರ ಸೂಗಪ್ಪ ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ. ಒಳಗಿನಿಂದ ಮೊದಲು ಚೊಂಬಿನ ಸದ್ದು ಬಂತು, ಆಮೇಲೆ ಹಬೆ ಬಂತು, ಆಮೇಲೆ ಸಾಹೇಬರ ಗುನುಗು ಬಂತು. ಹೊರಗೆ ಬಂದಾಗ ಸಾಹೇಬರು ಕೆಂಪಗೆ ಬೆಂದ ಗೆಣಸಿನ ಹಾಗಿದ್ದರು.

"ಕಮಾಲ್" ಎಂದರು. ಅವತ್ತೇ ರಪೋರ್ಟು ರಾಯಚೂರಿಗೆ ಹೋಯಿತು, ಅಲ್ಲಿಂದ ಹೈದರಾಬಾದಿಗೆ. ಕಂಡುಹಿಡಿದವನ ನೆರಳೂ ಬೀಳದಂತೆ ಪರೀಕ್ಷೆ ಮಾಡಿದ್ದೇವೆ, ನೀರು ಕುದಿಯುವಷ್ಟು ಬಿಸಿ ಇತ್ತು, ಕೆಳಗೆ ಸಾಹೇಬರ ರುಜು.

ಅಮರಗುಂಡಪ್ಪ ಸಿಂಧನೂರಿನಿಂದ ಮರಳಿದಾಗ ನಾವೆಲ್ಲ ಹಲಗೆ ಬಾರಿಸಿಕೊಂಡು ಎದುರು ಹೋದೆವು. ಕರಿಬಸಪ್ಪ ಕೊಟ್ಟ ಮಾತಿನಂತೆ ಗಲ್ಲೆಯಿಂದ ಇಳಿದು ಬಂದು ಹೋ ಅಂದ, ತುಸು ಸಣ್ಣ ದನಿಯಲ್ಲಿ.

ಮನೆಯೊಳಗೆ ಪಂಪಮ್ಮ ರೊಟ್ಟಿ ಬಡಿಯುತ್ತಿದ್ದಳು. ಗಂಡ ಎಲ್ಲವನ್ನೂ ಹೇಳಿದ. ಆಕೆ ಕೇಳಿ ಸಂತೋಷಪಟ್ಟಳು.

"ಭಾಳ ಚಲೋ ಆತು ಬಿಡ್ರಿ. ಮತ್ತ ಅಲ್ಲಿ ಯಾರು ಕಾಸಿದ್ರು?"

"ಏನನ್ನ?"

"ನೀರನ್ನ."

"ಪೆಟ್ಟಿಗಿ ಕಾಸ್ತು."

"ಪೆಟ್ಟಿಗಿ ಆರದಂಗ ಇಡತೈತಿ, ಅದು ಖರೆ. ಕಾಸಿ ಹಾಕಿದವರು ಯಾರು ಅಂತ ಕೇಳಾಕತ್ತೀನಿ."

ಅಮರಗುಂಡಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು.

"ನಮ್ಮನ್ಯಾಗ ಯಾರು ಹಾಕ್ತಾರ?" ಎಂದು ಕೇಳಿದ. ದನಿ ಅವನದಲ್ಲ, ಬಾವಿಯೊಳಗಿನಿಂದ ಬಂದ ಹಾಗಿತ್ತು.

"ನಾನ. ಮತ್ಯಾರು? ನೀವು ಏಳೋದಕ್ಕಿಂತ ಮದಲ ಮುಚ್ಚಳ ತೆಗೆದು ನೋಡಿದ್ರ ಉಗುರು ಬೆಚ್ಚಗೂ ಇರಂಗಿಲ್ಲ. ಅರ್ಧ ತೋಡಿ ಚೆಲ್ಲಿ, ಒಲಿ ಮ್ಯಾಲಿನ ಕುದಿನೀರು ತುಂಬ್ತೀನಿ. ಕಾಸಿದ ನೀರು ಆರಬಾರದು ಅಂತ ನೀವು ಪೆಟ್ಟಿಗಿ ಮಾಡೀರಿ ಅಂದ್ಕೊಂಡೆ."

"ದಿನಾ ತುಂಬ್ತಿದ್ದೇನು?"

"ಲಗ್ನ ಆದಾಗಿಂದ ಕಾಸಾಕತ್ತೀನಿ, ಈಗ ಯಾಕ ಬಿಡ್ಲಿ?"

"ನನಗ ಯಾಕ ಹೇಳಲಿಲ್ಲಬೇ?"

"ಏನಂತ ಹೇಳ್ಲಿ? ರೊಟ್ಟಿ ಬಡದೀನಿ, ಕಸ ಹೊಡದೀನಿ, ನೀರು ಕಾಸೀನಿ ಅಂತ ಮುಂಜಾನೆದ್ದು ಡಂಗುರ ಹೊಡಸ್ಲೇನು?"

ಹಳೆಯ ಪೆಟ್ಟಿಗೆ ಬಂಗಲೆಯಲ್ಲೇ ಉಳಿದಿದ್ದರಿಂದ ಆ ರಾತ್ರಿ ಅಮರಗುಂಡಪ್ಪ ಇನ್ನೊಂದು ಜೋಡಿಸಿ, ಅದರ ಪಕ್ಕದಲ್ಲೇ ಹಾಸಿಕೊಂಡ. ಪಂಪಮ್ಮನಿಗೆ ಹತ್ತಿರ ಬರಬೇಡವೆಂದ. ಬೆಳಿಗ್ಗೆ ಕೈ ಅದ್ದಿದ. ಹಳ್ಳದ ನೀರಿಗಿಂತ ಚೂರು ವಾಸಿ, ಅಷ್ಟೆ. ಕೈ ಒರಸಿಕೊಂಡು ಹೇಳಿದ:

"ಲಿಂಗಸೂಗೂರಾಗ ನಾನೂ ಇರಲಿಲ್ಲ, ನೀನೂ ಇರಲಿಲ್ಲ. ಆದ್ರ ನೀರು ಕಾಯ್ದೈತಿ. ಅಂದ್ರ ನಾವಿಬ್ಬರೂ ಇಲ್ಲದ ಕಡಿ ಅಷ್ಟ ಇದು ಕೆಲಸ ಮಾಡತೈತಿ."

"ಹಂಗಾದ್ರ ಜಳಕ ಮಾಡಬೇಕಂದಾಗೆಲ್ಲ ಊರು ಬಿಡೋಣೇನು?" ಎಂದಳು ಪಂಪಮ್ಮ.

ಊರು ಬಿಡುವ ವಿಚಾರ ಇತ್ಯರ್ಥವಾಗುವ ಮೊದಲೇ ಬಂದೇಸಾಬ ಹೊಸ ಹುಕುಂ ಹೊತ್ತು ಬಂದು ಚಾವಡಿ ಮುಂದೆ ಸಾರಿದ. ಹೈದರಾಬಾದಿನಿಂದ ಸಾಹೇಬರಿಗೆ ಶಾಭಾಷ್ ಬಂದಿದೆ. ಮಸ್ಕಿಯಲ್ಲಿ ಮನೆಗೊಂದು ಬೆಂಕಿಯಿಲ್ಲದ ಹಂಡೆ ಆಗತಕ್ಕದ್ದು. ಹಂಡೆ ಇರುವ ಊರಿಗೆ ಕಟ್ಟಿಗೆ ಅನವಶ್ಯಕ. ಆದ್ದರಿಂದ ಅಮರಗುಂಡಪ್ಪನ ಕಟ್ಟಿಗೆ ಅಡ್ಡೆಯ ಪರವಾನಿಗಿ ರದ್ದು. ಸಾಹೇಬರು ಮಾದರಿ ಹಾಕಿಕೊಡಲೆಂದು ತಮ್ಮ ಬಂಗಲೆಗೆ ಬರುವ ಕಟ್ಟಿಗೆಯನ್ನೂ ನಿಲ್ಲಿಸಿದ್ದಾರೆ.

ಸುಳ್ಳಾದರೆ ಹೋಗಬೇಕಿದ್ದ ಪರವಾನಿಗಿ ಖರೆಯಾದದ್ದರಿಂದ ಹೋಯಿತು. ಇಂಥದ್ದನ್ನು ನಮ್ಮ ಓಣಿ ಕಂಡಿರಲಿಲ್ಲ. ಅಮರಗುಂಡಪ್ಪ ಅಡ್ಡೆಯ ಮುಂದೆ ತಕ್ಕಡಿಯ ಸರಪಳಿ ಹಿಡಿದು, ಬಸ್ಸು ತಪ್ಪಿದವನ ಹಾಗೆ ರಸ್ತೆ ನೋಡುತ್ತ ನಿಂತ.

ಊರಿನ ಗತಿ ಇನ್ನೊಂದು ನಮೂನೆ. ಎಲ್ಲರೂ ಹಲಗೆ ಬಡಿದು ಪೆಟ್ಟಿಗೆ ಮಾಡಿದರು. ಎತ್ತಿಗೆಂದು ಇಟ್ಟಿದ್ದ ಹತ್ತಿಕಾಳೆಲ್ಲ ಹಂಡೆಯ ಸುತ್ತ ಹೋಯಿತು. ಎತ್ತುಗಳು ಮೇವಿನ ಗೋದಲಿ ಬಿಟ್ಟು ಬಚ್ಚಲ ಕಡೆ ಮುಖ ಮಾಡಿ ನಿಂತವು. ನಮ್ಮ ಓಣಿಯ ಮುದುಕಮ್ಮನ ಎತ್ತು ಹಗ್ಗ ಹರಿದುಕೊಂಡು ಹೋಗಿ, ಪೆಟ್ಟಿಗೆಯೊಳಗೆ ಮೂತಿ ತೂರಿಸಿ ಅರ್ಧ ಯಂತ್ರವನ್ನು ತಿಂದು ಬಂತು. ಬೆಳಿಗ್ಗೆ ಮನೆಮನೆಯಲ್ಲಿ ತಣ್ಣೀರು. ಆದರೆ ಒಬ್ಬರೂ ಬಾಯಿ ಬಿಡಲಿಲ್ಲ. ಸಾಹೇಬರ ಹಂಡೆಯಲ್ಲಿ ಕಾದ ನೀರು ತನ್ನ ಹಂಡೆಯಲ್ಲಿ ಕಾಯದಿದ್ದರೆ ತಪ್ಪು ತನ್ನದೇ ಇರಬೇಕೆಂದು ಪ್ರತಿಯೊಬ್ಬನಿಗೂ ಅನುಮಾನ. "ನಿಮ್ಮದು ಹೆಂಗೈತಿ?" ಎಂದು ಕೇಳಿದರೆ, "ಬಿಸಿ ಅಂದ್ರ ಬಿಸಿ" ಎನ್ನುತ್ತ, ಕಂಬಳಿ ಬಿಗಿಯಾಗಿ ಹೊದ್ದುಕೊಳ್ಳುತ್ತಿದ್ದರು. ಕರಿಬಸಪ್ಪ ಮಾತ್ರ ಹಂಡೆಯ ನೀರಿಗೆ ಚಹಾಪುಡಿ ಹಾಕಿ ನೋಡಿ, ಪುಡಿ ಮೇಲೆ ತೇಲಿದ್ದನ್ನು ಕಂಡು, ಹೋಟೆಲ್ ಬಾಗಿಲು ಹಾಕಿದ.

ಅಮರಗುಂಡಪ್ಪನಿಗೆ ತಡೆಯಲಾಗಲಿಲ್ಲ. ಸೀದಾ ಲಿಂಗಸೂಗೂರಿಗೆ ಹೋಗಿ ಸಾಹೇಬರ ಮುಂದೆ ನಿಂತ.

"ಸಾಹೇಬರ, ನನ್ನ ಹಂಡೆ ಸುಳ್ಳು ಐತ್ರಿ."

"ಯಾರು ಹೇಳಿದರು?"

"ನಾನ ಹೇಳಾಕತ್ತೀನಿ."

"ನೀನು ಯಾರು?"

"ಕಂಡುಹಿಡಿದವ್ರಿ."

ಸಾಹೇಬರು ಪೇಶಕಾರನ ಕಡೆ ನೋಡಿ ಮರುಕದಿಂದ ನಕ್ಕರು. "ಕಂಡುಹಿಡಿದವನ ಮಾತು ನಡೆಯೋದಿಲ್ಲ ಅಂತ ಮೊದಲೇ ಹೇಳಿದೆ. ನೀನು ಬಿಸಿ ಅಂದಾಗ ನಾವು ನಂಬಲಿಲ್ಲ. ಈಗ ತಣ್ಣಗೆ ಅಂದರೆ ಹೆಂಗೆ ನಂಬೋದು? ಇನ್ಸಾಫ್ ಅಂದರೆ ನ್ಯಾಯ, ಎರಡೂ ಕಡೆಗೆ ಒಂದೇ."

"ನನ್ನ ಹೆಂಡ್ತಿ ಸಾಕ್ಷಿ ಹೇಳ್ತಾಳ್ರಿ. ಆಕಿನ ನೀರು ಕಾಸಿ ಹಾಕಿದ್ದು."

"ಆಕೆ ಯಾರ ಮನೆಯವಳು?"

"ನಮ್ಮನಿ."

"ಆಯಿತಲ್ಲ" ಎಂದರು ಸಾಹೇಬರು.

ಕಚೇರಿಯಿಂದ ಹೊರಬಿದ್ದ ಅಮರಗುಂಡಪ್ಪ ಹೋಗಿ ನಿಂತದ್ದು ಬಂಗಲೆಯ ಹಿತ್ತಲಲ್ಲಿ. ಅಲ್ಲಿ ಅಡುಗೆಯ ಮುದುಕಿ ರಹೀಮಾಬೀ ಅಕ್ಕಿ ಕೇರುತ್ತಿದ್ದಳು. ಅವಳ ಬೆನ್ನ ಹಿಂದೆ ಅಡುಗೆಮನೆ, ಅಡುಗೆಮನೆಗೆ ಹೊಂದಿಕೊಂಡು ಬಚ್ಚಲು, ಬಚ್ಚಲಿಗೆ ಅಡುಗೆಮನೆ ಕಡೆಯಿಂದ ಒಂದು ಸಣ್ಣ ಕದ. ಅದಕ್ಕೆ ಕೀಲಿ ಇಲ್ಲ, ಅರಗೂ ಇಲ್ಲ. ಅಮರಗುಂಡಪ್ಪ ಆ ಕದದ ಕಡೆ ಕೈ ಮಾಡಿ ಮುದುಕಿಯನ್ನು ಕೇಳಿದ.

"ಆಪಾ, ಪರೀಕ್ಷೆ ದಿನ ಈ ಬಾಗಿಲಾಗ ಯಾರರ ಹೋಗಿದ್ರೇನು?"

"ಯಾರೂ ಹೋಗಿಲ್ಲಪ್ಪ. ನಾ ಹೋಗಿದ್ದೆ."

"ಜವಾನರು ಬಿಟ್ರೇನು?"

"ಅವ್ರಿಗೆ ಅಮರಗುಂಡಪ್ಪ ಅನ್ನಾವ ಬಂದ್ರ ಬಿಡಬ್ಯಾಡ ಅಂದಿದ್ರು. ನನ್ನ ಕೈಯಾಗ ಕುದಿನೀರಿನ ಕೊಡ ಇತ್ತು, ಪಾಪ, ಅವ್ರ ಕದ ತೆಗೆದು ಹಿಡಕೊಂಡ್ರು."

"ನೀ ಯಾಕ ಹಾಕಿದಿ?"

"ಕೈ ಇಟ್ಟು ನೋಡಿದ್ರ ತಣ್ಣಗ. ಮಾಗಿ ಚಳಿಯಾಗ ಸಾಹೇಬರಿಗೆ ತಣ್ಣೀರು ಕೊಡಲೇನು? ಮತ್ತ ಯಾರೋ ಬಡವ ಪ್ರೀತಿಲೆ ಮಾಡಿ ತಂದಾನ, ಅವನ ಮರ್ಯಾದಿ ಯಾಕ ಹೋಗಬೇಕು ಅಂತ ತುಂಬಿಟ್ಟೆ."

ಅಮರಗುಂಡಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಆ ಬಡವ ನಾನ ಆಪಾ. ಸಾಹೇಬರಿಗೆ ಇದನ್ನ ಹೇಳು. ನನ್ನ ಹೊಟ್ಟಿಪಾಡು ಹೋಗೈತಿ."

"ಅವ್ರು ನನ್ನ ಏನೂ ಕೇಳಿಲ್ಲ. ಕೇಳದ ಹೆಂಗ ಹೇಳ್ಲಿ? ದೊಡ್ಡವರಿಗೆ ಬೇಅದಬಿ ಆಗತೈತಿ." ರಹೀಮಾಬೀ ಮೊರ ಕೆಳಗಿಟ್ಟು ಒಲೆಯ ಕಡೆ ಕೈ ತೋರಿಸಿದಳು. "ಆದ್ರ ನೀ ಚಿಂತಿ ಮಾಡಬ್ಯಾಡ. ಇಷ್ಟು ದಿನ ಇದ್ದ ಕಟ್ಟಿಗ್ಯಾಗ ಕಾಸಿ ಹಾಕಿದೆ. ಇವತ್ತಿಗೆ ಮುಗದಾವ. ನಾಳೆ ಅನ್ನಕ್ಕ ಅಷ್ಟ ಬೆರಣಿ ಐತಿ. ಹಂಡೆ ತಾನ ಹೇಳತೈತಿ."

ಅಮರಗುಂಡಪ್ಪ ಆ ರಾತ್ರಿ ಬಂಗಲೆ ಎದುರಿನ ಹುಣಸೆಮರದ ಬುಡದಲ್ಲಿ ಕಳೆದ. ಬೆಳಗಾಯಿತು. ಸಾಹೇಬರು ಬಚ್ಚಲಿಗೆ ಹೋದರು. ಚೊಂಬಿನ ಸದ್ದು ಒಂದೇ ಸಲ ಬಂತು. ಆಮೇಲೆ ಎಮ್ಮೆ ಕಾಲಡಿ ಕರು ಸಿಕ್ಕಂಥ ಒಂದು ಸದ್ದು. ಆಮೇಲೆ ಏನೂ ಇಲ್ಲ. ಪೇಶಕಾರ ಸೂಗಪ್ಪ ಗಾಬರಿಯಿಂದ ಬಾಗಿಲ ಹತ್ತಿರ ಓಡಿದ. ಸಾಹೇಬರು ಹೊರಗೆ ಬಂದರು. ತುಟಿ ನೇರಳೆಹಣ್ಣಿನ ಬಣ್ಣ, ಗಡ್ಡದ ತುದಿಯಲ್ಲಿ ಹನಿ, ಹಲ್ಲು ಕಟಕಟ.

"ನೀರು ಹೆಂಗಿತ್ರಿ ಸಾಹೇಬರ?" ಎಂದ ಸೂಗಪ್ಪ.

ಸಾಹೇಬರ ಕಣ್ಣು ಮರದ ಕೆಳಗೆ ನಿಂತಿದ್ದ ಅಮರಗುಂಡಪ್ಪನ ಮೇಲೆ ಬಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೈದರಾಬಾದಿಗೆ ಹೋದ ರುಜು, ಅಲ್ಲಿಂದ ಬಂದ ಶಾಭಾಷ್, ಎಲ್ಲವೂ ಆ ನೋಟದಲ್ಲಿ ಹಾದುಹೋದವು.

"ಬಿ... ಬಿ... ಬಿಸಿ ಐತಿ" ಎಂದರು ಸಾಹೇಬರು.

ತಣ್ಣೀರಿಗೆ ಬಿಸಿ ಎನ್ನುವವರು ಜಗತ್ತಿನಲ್ಲಿ ಮಸ್ಕಿಯವರಷ್ಟೇ ಎಂದುಕೊಂಡಿದ್ದ ಅಮರಗುಂಡಪ್ಪನಿಗೆ ಆದ ಆಘಾತ ನಾನು ಬರೆದು ಮುಗಿಸುವಂಥದ್ದಲ್ಲ. ಅವನು ಮಸ್ಕಿಗೆ ನಡೆದೇ ಬಂದ. ದಾರಿಯುದ್ದಕ್ಕೂ ಯಾರ ನಮಸ್ಕಾರಕ್ಕೂ ತಿರುಗಿ ನೋಡಲಿಲ್ಲ.

ಆಮೇಲಿನ ದಿನಗಳಲ್ಲಿ ಲಿಂಗಸೂಗೂರಿನಿಂದ ಬಗೆಬಗೆಯ ಸುದ್ದಿ ಬರತೊಡಗಿದವು. ಸಾಹೇಬರ ಸ್ನಾನ ಬೆಳಗಿನಿಂದ ಮಧ್ಯಾಹ್ನಕ್ಕೆ ಸರಿದಿದೆಯಂತೆ. ಮಧ್ಯಾಹ್ನದಿಂದ ಶುಕ್ರವಾರದ ಜುಮ್ಮಾಕ್ಕೆ ಸರಿದಿದೆಯಂತೆ. ಕಚೇರಿಯಲ್ಲಿ ಸೀನಿದರೆ ಕಾಗದ ಹಾರುತ್ತವಂತೆ. ನಕ್ಷೆಯ ಮೇಲೆ ರುಜು ಮಾಡುವಾಗ ಕೈ ನಡುಗಿ ಗೆರೆ ಜಾರಿ, ಒಬ್ಬ ರೈತನ ಹೊಲ ಹಳ್ಳ ದಾಟಿ ಆ ಕಡೆಗೆ ಹೋಯಿತಂತೆ. ಕಡೆಗೆ ಒಂದು ದಿನ ಬಂದೇಸಾಬ ಬಂದು ಅಡ್ಡೆಯ ಮುಂದೆ ನಿಂತ.

"ನಡಿ. ಸಾಬ್ ಕರೆದಾರ."

ಪಂಪಮ್ಮ ಬುತ್ತಿ ಕಟ್ಟಿ ಕೊಟ್ಟಳು. ಜೇಲಿಗೇ ಹಾಕುತ್ತಾರೆಂದು ಅವಳೂ ತಿಳಿದಿದ್ದಳು, ನಾವೂ ತಿಳಿದಿದ್ದೆವು.

ಸಾಹೇಬರು ಕಚೇರಿಯ ಒಳಕೋಣೆಯಲ್ಲಿ ಎರಡು ರಗ್ಗು ಹೊದ್ದು ಕೂತಿದ್ದರು. ಸೂಗಪ್ಪನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು.

"ಅಮರಗುಂಡಪ್ಪ, ನಿನ್ನ ಹಂಡೆ ಉಮ್ದಾ ಹಂಡೆ."

"ಹೌದ್ರಿ" ಎಂದ ಅಮರಗುಂಡಪ್ಪ. ಅಲ್ಲವೆಂದು ಹೇಳುವ ಹಕ್ಕು ಅವನಿಗಿರಲಿಲ್ಲ.

"ಆದರೆ ಯಂತ್ರ ಅಂದ ಮೇಲೆ ಆರೈಕೆ ಬೇಕಲ್ಲ. ಮೋಟಾರಿಗೆ ಎಣ್ಣೆ ಹಾಕ್ತಾರೆ. ಗಡಿಯಾರಕ್ಕೆ ಕೀಲಿ ಕೊಡ್ತಾರೆ. ನಿನ್ನ ಹಂಡೆಗೆ ಚಳಿಗಾಲದಲ್ಲಿ ಏನು ಆರೈಕೆ?"

ಅಮರಗುಂಡಪ್ಪ ಸಾಹೇಬರ ಮೂಗಿನ ತುದಿ ನೋಡಿದ. ಅದು ಕೆಂಪಗಿತ್ತು.

"ಚೂರು ಬೆಂಕಿ..."

"ಬೆಂಕಿ ಅಂತ ನಾವು ಅನ್ನಲಿಲ್ಲ."

"ಚೂರು ಶಾಖ ಬೇಕಾಗತೈತ್ರಿ. ಹೊರಗಿಂದ. ದಿನಾ ಮುಂಜಾನಿ."

"ಅದಕ್ಕೆ ಎಷ್ಟು ಕಟ್ಟಿಗೆ ಹತ್ತುತ್ತೆ?"

ಅಮರಗುಂಡಪ್ಪ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಲೆಕ್ಕ ಹಾಕಿದ ಹಾಗೆ ಮಾಡಿದ. "ಮದಲ ಎಷ್ಟು ಹತ್ತತಿತ್ತೋ ಅಷ್ಟರಾಗ ಆಗತೈತ್ರಿ."

ಸಾಹೇಬರು ರಗ್ಗಿನೊಳಗಿಂದ ಕೈ ಹೊರಗೆ ತೆಗೆದು ರುಜು ಮಾಡಿದರು. ಬೆಂಕಿಯಿಲ್ಲದ ಹಂಡೆಗಳ ಆರೈಕೆಗಾಗಿ ಮಸ್ಕಿಯಲ್ಲಿ ಕಟ್ಟಿಗೆ ಅಡ್ಡೆ ನಡೆಸಲು ಪರವಾನಿಗಿ. ಮೊದಲ ಗಾಡಿ ಬಂಗಲೆಯ ಹಿತ್ತಲಿಗೆ, ಕತ್ತಲಾದ ಮೇಲೆ.

ಮರುದಿನ ಅಡ್ಡೆ ತೆರೆದಾಗ ಕರಿಬಸಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ. "ಹೋಟೆಲ್ ಹಂಡೆ ಭಾಳ ಸೊರಗೈತಿ. ಆರೈಕಿಗೆ ಎರಡು ಹೊರಿ ಕಟ್ಟಿಗಿ ಹಾಕು" ಎಂದ. ಅವನ ಹಿಂದೆ ಇಡೀ ಓಣಿ ಕಂಬಳಿ ಹೊದ್ದು ಸಾಲಾಗಿ ನಿಂತಿತ್ತು. ಎಲ್ಲರ ಹಂಡೆಗಳೂ ಅದೇ ವಾರ ಸೊರಗಿದ್ದವು.

ಮನೆಗೆ ಬಂದು ಅಮರಗುಂಡಪ್ಪ ಪಂಪಮ್ಮನಿಗೆ ಎಲ್ಲವನ್ನೂ ವಿವರಿಸಿದ. ಆಕೆ ಒಲೆಗೆ ಕಟ್ಟಿಗೆ ನೂಕುತ್ತ ಕೇಳಿದಳು, "ಹಂಗಾದ್ರ ನಾ ಇಷ್ಟು ವರ್ಷ ಮಾಡಿದ್ದಕ್ಕ ಆರೈಕಿ ಅಂತಾರೇನ್ರಿ?"

"ಸರ್ಕಾರ ಹಂಗ ಅಂದೈತಿ."

ಬೆಳಿಗ್ಗೆ ಅವನು ಪೇಟ ಸುತ್ತಿಕೊಳ್ಳದೆ ಬಚ್ಚಲಿಗೆ ಹೋದ. ನೋಡಲು ಯಾರೂ ಬಂದಿರಲಿಲ್ಲ. ಮುಚ್ಚಳ ಎತ್ತಿ, ಮೊಣಕೈ ಅದ್ದಿ, ತಟ್ಟನೆ ಹಿಂದಕ್ಕೆ ಎಳೆದುಕೊಂಡ.

"ಏ, ಇವತ್ತ ಆರೈಕಿ ಹೆಚ್ಚಾಗೈತಿ" ಎಂದು ಒಳಗಿನಿಂದಲೇ ಕೂಗಿದ. "ಒಂದು ಕೊಡ ತಣ್ಣೀರು ತಂದು ಬೆರಸು ಬಾ."